ಮೊಮ್ಮಗಳ ಇಂಟರ್ನ್‌ಶಿಪ್ಪೂ ನನ್ನ ಸ್ಟೀಲ್ ಡಬ್ಬಿಗಳೂ

ಮೊಮ್ಮಗಳು ಅರವತ್ತು ಫಾರಂಗಳ ಕಟ್ಟನ್ನು ಊಟದ ಮೇಜಿನ ಮೇಲೆ ಎಸೆದು ಅಳುತ್ತ ಕೂತಳು. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲೇ ಇದ್ದುಕೊಂಡು ಅವಳು ಎಂಬಿಎ ಓದುತ್ತಿದ್ದಳು. ಎಂಟು ವಾರ ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಿ, ಫೀಲ್ಡಿಗೆ ಹೋಗಿ, ಜನರನ್ನು ಮಾತಾಡಿಸಿ ವರದಿ ಬರೆಯಬೇಕು, ಅದೇ ಇಂಟರ್ನ್‌ಶಿಪ್. ಜೊತೆಯ ಹುಡುಗರೆಲ್ಲ ಬ್ಯಾಂಕು, ಷೇರು, ಎಸಿ ಆಫೀಸು ಹಿಡಿದರು. ನಮ್ಮವಳಿಗೆ ಸಿಕ್ಕಿದ್ದು ಭದ್ರಾವತಿಯ ಒಂದು ಸಣ್ಣ ಮಸಾಲೆ ಪುಡಿ ಫ್ಯಾಕ್ಟರಿ. ಅವರ ಹೊಸ ಸಾರಿನ ಪುಡಿ ಜನರಿಗೆ ಹಿಡಿಸಿತೇ ಎಂದು ಮನೆಮನೆಗೆ ಹೋಗಿ ಕೇಳುವುದು ಅವಳ ಕೆಲಸ.

ಕೇಳಿದ್ದಳು. ಅರವತ್ತು ಮನೆಯಲ್ಲೂ ರುಚಿಗೆ ಐದಕ್ಕೆ ಐದು, ಪರಿಮಳಕ್ಕೆ ಐದಕ್ಕೆ ಐದು, ಬಣ್ಣಕ್ಕೂ ಐದಕ್ಕೆ ಐದು. ಕಾಲೇಜಿನ ಗೈಡ್ ಸರ್ ನಾಲ್ಕು ಹಾಳೆ ತಿರುವಿ, "ಮನೇಲಿ ಫ್ಯಾನ್ ಕೆಳಗೆ ಕೂತು ತುಂಬಿದ್ದಾ ಇದು?" ಎಂದರಂತೆ. ಹದಿನೈದು ದಿನದಲ್ಲಿ ನಂಬುವಂಥ ಸರ್ವೆ ತರದಿದ್ದರೆ ಈ ಇಂಟರ್ನ್‌ಶಿಪ್ ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಮತ್ತೆ ಮೊದಲಿಂದ ಮಾಡಬೇಕು.

"ನಿಜವಾಗ್ಲೂ ಹೋಗಿದ್ದೆ ಅಜ್ಜಿ. ಚಪ್ಪಲಿ ನೋಡು, ಕಿತ್ತೋಗಿದೆ."

"ಚಪ್ಪಲಿನೂ ಫೈಲಿಗೆ ಹಾಕಿ ಕೊಡ್ಬೇಕಿತ್ತು. ಅದಿರ್ಲಿ, ಹೆಂಗೆ ಕೇಳ್ದೆ? ನಾನೇ ಆ ಮನೆಯವಳು ಅಂದ್ಕೋ."

ಅವಳು ಮೂಗೊರೆಸಿಕೊಂಡು ಎದ್ದು ನಿಂತಳು. "ನಮಸ್ತೆ ಆಂಟಿ, ರುಚಿಗೆ ಒಂದರಿಂದ ಐದರಲ್ಲಿ ಎಷ್ಟು ಕೊಡ್ತೀರಾ?"

"ಅಯ್ಯೋ ಪಾಪ, ಈ ಬಿಸಿಲಲ್ಲಿ ಬಂದಿದೀಯ. ಐದೇ ಹಾಕ್ಕೋ ಮಗಾ. ಮಜ್ಜಿಗೆ ಕೊಡ್ಲಾ? ಮದ್ವೆ ಆಯ್ತಾ?"

ಅವಳು ಬಾಯಿಬಿಟ್ಟು ನೋಡಿದಳು. "ಎಲ್ರೂ ಹಿಂಗೇ ಅಂದ್ರು! ನಿಂಗೆ ಹೆಂಗೆ ಗೊತ್ತು?"

ಗೊತ್ತಿಲ್ಲದೆ ಏನು? ಮದುವೆಯಾಗಿ ಬಂದಾಗಿನಿಂದ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಬಾಗಿಲಿಗೆ ಬಂದ ಹೆಣ್ಣುಮಗಳ ಮುಖ ನೋಡಿ ನಿನ್ನ ಪುಡಿ ಚೆನ್ನಾಗಿಲ್ಲ ಎನ್ನುವ ಎದೆ ನಮ್ಮ ಕಡೆ ಯಾವ ಹೆಂಗಸಿಗೂ ಇಲ್ಲ. ಅವಳು ಗೇಟು ದಾಟಿದ ಮೇಲೆ ಪಕ್ಕದ ಮನೆಯವಳಿಗೆ ಹೇಳುತ್ತೇವೆ, ವಿವರವಾಗಿ. ಅಷ್ಟು ದಪ್ಪದ ಪುಸ್ತಕಗಳನ್ನು ಓದಿಸಿದವರು ಇದೊಂದನ್ನು ಹೇಳಿಕೊಟ್ಟಿರಲಿಲ್ಲ.

ಆ ಪುಡಿ ಹಾಕಿ ನಾನೂ ಒಂದು ಸಾರು ಮಾಡಿ ನೋಡಿದೆ. ಬಣ್ಣ ಧಾರೆ ಸೀರೆಯಷ್ಟು ಕೆಂಪು. ಬಾಯಿಗಿಟ್ಟರೆ ಸ್ನಾನದ ನೀರು.

"ಇನ್ಮೇಲೆ ಯಾರನ್ನೂ ಏನೂ ಕೇಳ್ಬೇಡ ಮಾರಾಯ್ತಿ. ಡಬ್ಬಿ ಕೊಟ್ಟು ಬಾ, ಸಾಕು," ಎಂದೆ.

ನಮ್ಮ ಅಟ್ಟದ ಮೇಲೆ ಮೂವತ್ತಕ್ಕೂ ಹೆಚ್ಚು ಪುಟ್ಟ ಸ್ಟೀಲ್ ಡಬ್ಬಿಗಳಿದ್ದವು. ಯಾರ ಯಾರದೋ ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಟ್ಟವು. ಅದರಲ್ಲಿ ಪುಡಿ ತುಂಬಿ ಕೊಡುವುದು, ನಾಲ್ಕು ದಿನ ಬಿಟ್ಟು ಡಬ್ಬಿ ಕೇಳಲು ಹೋಗುವುದು. ಕೊಟ್ಟ ಪಾತ್ರೆಯನ್ನು ನಮ್ಮವರು ಖಾಲಿ ಹಿಂತಿರುಗಿಸುವುದಿಲ್ಲ, ಏನಾದರೂ ಹಾಕಿಯೇ ಕೊಡುತ್ತಾರೆ. ಏನು ಹಾಕಿದ್ದಾರೆ ಎಂದು ನೋಡಿದರೆ ಅವರ ಹೊಟ್ಟೆಯೊಳಗಿನ ಮಾತು ತಿಳಿಯುತ್ತದೆ. ಮೊಮ್ಮಗಳು ಅರೆಮನಸ್ಸಿನಿಂದ ಒಪ್ಪಿ, ಡಬ್ಬಿಗಳ ತಳಕ್ಕೆ ಉಗುರುಬಣ್ಣದಲ್ಲಿ ನಂಬರ್ ಬರೆದಳು. ನಾನು ಆಗಷ್ಟೇ ಫೋನಿನಲ್ಲಿ ಕನ್ನಡ ಒತ್ತಲು ಕಲಿತಿದ್ದೆ, ಪಟ್ಟಿ ಬರೆಯುವ ಕೆಲಸ ನನ್ನದಾಯಿತು.

ಮೊದಲು ನಮ್ಮ ವಿನೋಬನಗರದ ನಾಲ್ಕು ರಸ್ತೆ, ಆಮೇಲೆ ರಾಗಿಗುಡ್ಡದ ಕಡೆ, ಕೊನೆಗೆ ಬಸ್ಸು ಹಿಡಿದು ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಸಾಲು. ಮೊದಲನೇ ಮನೆಯಲ್ಲೇ ನಾನು ತಡೆಯಲಾರದೆ, "ನಂಗಂತೂ ಹಿಡಿಸ್ಲಿಲ್ಲ, ನಿಮಗೆ ಹೆಂಗನ್ಸುತ್ತೋ ನೋಡಿ" ಎಂದುಬಿಟ್ಟೆ. ಮೊಮ್ಮಗಳು ನನ್ನ ಕೈಹಿಡಿದು ಗೇಟಿನ ಹೊರಗೆ ಎಳೆದುಕೊಂಡು ಬಂದಳು.

"ಉತ್ತರ ನೀನೇ ಹೇಳ್ಕೊಡ್ಬೇಡ ಅಜ್ಜಿ! ಅದಕ್ಕೆ ಬಯಾಸ್ ಅಂತಾರೆ."

"ನಮ್ಮಲ್ಲಿ ಅದಕ್ಕೆ ಮಾತುಕತೆ ಅಂತಾರೆ."

ಆ ಮನೆಯ ಡಬ್ಬಿಯನ್ನು ಲೆಕ್ಕದಿಂದಲೇ ತೆಗೆದುಹಾಕಿದಳು. ಉಳಿದ ಮನೆಗಳಲ್ಲಿ ಎಲೆಯಡಿಕೆ ಹಾಕಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು ಎಂದು ನನಗೆ ಅಪ್ಪಣೆಯಾಯಿತು.

ನಾಲ್ಕು ದಿನದ ಮೇಲೆ ಡಬ್ಬಿಗಳು ಬರತೊಡಗಿದವು. ನನ್ನ ಫೋನಿನ ಪಟ್ಟಿ ಹೀಗಿತ್ತು: ನಾಲ್ಕನೇ ನಂಬರ್, ಸಕ್ಕರೆ. ಏಳು, ಕೋಡುಬಳೆ ಮೂರು, ಒಂದು ಮುರಿದಿದೆ. ಎಂಟು, ನಮ್ಮ ಪುಡಿ ಹಾಗೇ ಇದೆ, ಮೇಲೆ ಒಂದು ಕಲ್ಲುಸಕ್ಕರೆ. ಹನ್ನೊಂದು, ಅವರ ಮನೆಯ ಸಾರಿನ ಪುಡಿ. ಹದಿಮೂರು, ಅವರ ಮನೆಯ ಸಾರಿನ ಪುಡಿ. ಹದಿನಾಲ್ಕು, ಅದೇ. ಹದಿನೈದು, ಅದೇ.

ಅರ್ಧಕ್ಕಿಂತ ಹೆಚ್ಚು ಡಬ್ಬಿಗಳಲ್ಲಿ ಅವರವರ ಮನೆಯ ಸಾರಿನ ಪುಡಿಯೇ ಬಂತು. ಮೊಮ್ಮಗಳಿಗೆ ಅರ್ಥವಾಗಲಿಲ್ಲ.

"ಪಾಪ, ಪ್ರೀತಿಯಿಂದ ಕೊಟ್ಟಿದಾರೆ ಅಲ್ವಾ?"

"ಪ್ರೀತಿ ಅಲ್ಲ ಕಣೇ. ಸಾರಿನ ಪುಡಿ ಅಂದ್ರೆ ಇದು, ನಿಮ್ಮದಲ್ಲ ಅಂತ ಮರ್ಯಾದೆಯಿಂದ ಉಗ್ದಿದಾರೆ."

ಅಷ್ಟೇ ಅಲ್ಲ, ಡಬ್ಬಿ ಕೊಡುವಾಗ ಅವರ ಬಾಯಿಯೂ ಬಿಚ್ಚಿತು. ನಮ್ಮ ಪುಡಿಯನ್ನು ಯಾರೂ ಬೈಯಲಿಲ್ಲ, ತಮ್ಮದನ್ನು ಹೊಗಳಿಕೊಂಡರು. ಕ್ವಾರ್ಟರ್ಸಿನ ಒಬ್ಬಾಕೆ, ಮನೆಮಾತು ತಮಿಳು, ಅಜ್ಜಿಗೆ ಪಾಟಿ ಎನ್ನುವವಳು, ನನ್ನನ್ನು ಒಳಗೆ ಕೂರಿಸಿ ಶುರುಮಾಡಿದಳು. "ಪಾಟಿ, ನಾನು ಮೆಂತ್ಯ ಕೆಂಪಗಾಗೋವರ್ಗೂ ಹುರೀತೀನಿ. ಕೆಲವರು ಹುರಿಯಲ್ಲ. ಯಾರಂತ ನಾನ್ ಹೇಳಲ್ಲ." ಹೇಳುವಾಗ ಅವಳ ಕಣ್ಣು ಮೊಮ್ಮಗಳ ಚೀಲದಿಂದ ಇಣುಕುತ್ತಿದ್ದ ಫ್ಯಾಕ್ಟರಿ ಪ್ಯಾಕೆಟ್ಟಿನ ಮೇಲೇ ಇತ್ತು. ಮೆಂತ್ಯ ಹುರಿದಿಲ್ಲ, ಕರಿಬೇವು ಹಾಕಿಲ್ಲ, ಕೊತ್ತಂಬರಿ ಬೀಜ ಹಳೆಯದು ಎಂಬ ಮೂರು ಮಾತುಗಳು ಮನೆಮನೆಯಲ್ಲೂ ಬೇರೆ ಬೇರೆ ರೂಪದಲ್ಲಿ ಬಂದವು. ಮೊಮ್ಮಗಳು ನೋಟ್‌ಬುಕ್ಕಿನಿಂದ ತಲೆ ಎತ್ತದೆ ಬರೆದುಕೊಂಡಳು.

ಕೊನೆಯ ದಿನ ಗೈಡ್ ಸರ್ ಫ್ಯಾಕ್ಟರಿಗೇ ಬಂದರು. ಓನರ್ ವರದಿ ಓದಿ ಸರ್ಟಿಫಿಕೇಟಿಗೆ ಸೈನ್ ಮಾಡಬೇಕು, ಆಮೇಲೆ ಸರ್ ಒಪ್ಪಬೇಕು. ಡಬ್ಬಿಗಳ ಚೀಲ ಹೊರುವ ನೆಪದಲ್ಲಿ ನಾನೂ ಹೋಗಿದ್ದೆ. ಓನರ್ ಐವತ್ತು ದಾಟಿದ ಮನುಷ್ಯ, ಮೆಣಸಿನ ಪುಡಿ ಮೆತ್ತಿದ ಕೈಯಲ್ಲೇ ಪುಟ ತಿರುವುತ್ತಿದ್ದರು. ಮೂರನೇ ಪುಟಕ್ಕೆ ಮುಖ ಅವರ ಪುಡಿಯ ಬಣ್ಣಕ್ಕೆ ತಿರುಗಿತು.

"ಏನಮ್ಮ ಇದು? ಮೊದ್ಲು ಎಲ್ಲಾ ಐದಕ್ಕೈದು ಅಂದಿದ್ದೆ. ಆ ಫಾರಂಗಳ್ನೇ ಹಾಕು, ಈಗ್ಲೇ ಸೈನ್ ಮಾಡ್ತೀನಿ."

ಮೊಮ್ಮಗಳು ಸರ್ ಕಡೆ ನೋಡಿದಳು. ಹಳೆಯ ಫಾರಂ ಹಾಕಿದರೆ ಸರ್ ಒಪ್ಪುವುದಿಲ್ಲ, ಹೊಸದನ್ನು ಇಟ್ಟರೆ ಓನರ್ ಸೈನ್ ಇಲ್ಲ. ಎರಡರಲ್ಲಿ ಯಾವುದು ಮಾಡಿದರೂ ಒಂದು ವರ್ಷ ಹೋಯಿತೆಂದೇ ಲೆಕ್ಕ. ಬಾಯಿ ಹಾಕಬೇಕೆಂದು ನನ್ನ ನಾಲಿಗೆ ತುರಿಸಿತು. ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿ ಸುಮ್ಮನಿದ್ದೆ.

"ಅದನ್ನ ಹಾಕಲ್ಲ ಸರ್," ಎಂದಳು. ಓನರ್ ಕಡೆ ತಿರುಗಿದಳು. "ಅವರು ಅದನ್ನ ನನ್ನ ಮುಖ ನೋಡಿ ಹೇಳಿದ್ದು. ನಿಮ್ಮ ಪುಡಿ ನೋಡಿ ಹೇಳಿದ್ದು ಇದು."

ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಚ್ಚಿಟ್ಟಳು. ಆ ರೂಮಿನ ತುಂಬ ಹುರಿದ ಮೆಂತ್ಯ, ಇಂಗು, ಕರಿಬೇವಿನ ಘಮ ಹರಡಿತು. ಗೈಡ್ ಸರ್ ಒಂದು ಡಬ್ಬಿಗೆ ಮೂಗಿಟ್ಟು, ಎರಡು ಸಲ ಸೀನಿ, ಕನ್ನಡಕ ಒರೆಸಿಕೊಂಡು, "ಇದನ್ನ ಮನೇಲಿ ಕೂತು ಬರೆಯಕ್ಕಾಗಲ್ಲ. ನಾನು ಒಪ್ತೀನಿ," ಎಂದರು.

"ನೀವು ಒಪ್ತೀರಾ. ನನ್ನ ಪುಡಿ ಚೆನ್ನಾಗಿಲ್ಲ ಅಂತ ನಾನೇ ಸೈನ್ ಮಾಡ್ಬೇಕಾ?" ಎಂದರು ಓನರ್.

ಅಷ್ಟರಲ್ಲಿ ಮೂಲೆಯಲ್ಲಿ ಪ್ಯಾಕೆಟ್ ಅಂಟಿಸುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು. "ಅಣ್ಣ, ಮೆಂತ್ಯ ಹುರಿಯೋಕೆ ಹೊತ್ತಾಗುತ್ತೆ, ಬಿಡು ಅಂದೋರು ನೀವೇ. ನಾನ್ ಅವತ್ತೇ ಬೇಡ ಅಂದಿದ್ದೆ."

"ನೀನೂ ಶುರು ಮಾಡ್ದಾ?"

"ನಮ್ಮನೇಲಿ ನಾನೂ ಈ ಪುಡಿ ಹಾಕಲ್ಲ ಅಣ್ಣ. ಕೇಳಿದ್ರೆ ಹೇಳ್ತಿದ್ದೆ."

ಓನರ್ ಕ್ವಾರ್ಟರ್ಸಿನ ಆ ತಮಿಳಾಕೆಯ ಡಬ್ಬಿಯಿಂದ ಚಿಟಿಕೆ ತೆಗೆದು ನಾಲಿಗೆಗೆ ಹಾಕಿಕೊಂಡರು. ಇನ್ನೊಂದು ಚಿಟಿಕೆ ಹಾಕಿಕೊಂಡರು. ಮೊಮ್ಮಗಳು ಮೆಲ್ಲಗೆ ಸರ್ಟಿಫಿಕೇಟಿನ ಕಾಗದವನ್ನು ಮುಂದೆ ಸರಿಸಿ ಹೇಳಿದಳು.

"ಸರ್, ಪುಡಿ ಬಗ್ಗೆ ಸೈನ್ ಮಾಡ್ಬೇಡಿ. ಹುಡುಗಿ ಎಂಟು ವಾರ ಕೆಲಸ ಮಾಡಿದಾಳೆ ಅಂತ ಮಾಡಿ. ಅಷ್ಟೇ ಇರೋದು ಇದ್ರಲ್ಲಿ."

ಅವರು ಕಾಗದವನ್ನು ಮೂರು ಸಲ ಓದಿದರು. ನಿಜವಾಗಿಯೂ ಅಷ್ಟೇ ಇತ್ತು. ಪೆನ್ನು ಬಿಚ್ಚಿ ಸೈನ್ ಗೀಚಿ, ಸೀಲು ಹುಡುಕಿ ಗುದ್ದಿದರು. "ಡಬ್ಬಿಗಳು ಇಲ್ಲೇ ಇರ್ಲಿ," ಎಂದರು ಗಂಟಲಲ್ಲೇ. "ಚೀಟಿ ಅಂಟಿಸಿ ಹೋಗು, ಯಾವುದು ಯಾರ ಮನೇದು ಅಂತ."

ಬಸ್ಸಿನಲ್ಲಿ ಮೊಮ್ಮಗಳು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದಳು. ಸೀಲಿನ ಪಕ್ಕ ಓನರ್ ಹೆಬ್ಬೆರಳು ಮೆಣಸಿನ ಪುಡಿಯಲ್ಲಿ ಅಚ್ಚಾಗಿ ಮೂಡಿತ್ತು. ಕಾಲೇಜಿನವರು ಏನಂತಾರೋ ಎಂದು ಕರ್ಚೀಫು ತೆಗೆದಳು.

"ಮುಟ್ಟಬೇಡ ಮಾರಾಯ್ತಿ," ಎಂದು ನಾನು ಕೈ ಹಿಡಿಯುವಷ್ಟರಲ್ಲಿ ಒರೆಸಿಯೇಬಿಟ್ಟಳು. ಪುಡಿ ಗಾಳಿಗೆ ಎದ್ದಿತು. ಅವಳು ಸೀನಿದಳು, ನಾನು ಸೀನಿದೆ, ಮುಂದಿನ ಸೀಟಿನವರು ತಿರುಗಿ ನೋಡಿ ಅವರೂ ಸೀನಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಸರ್ಟಿಫಿಕೇಟು ಹಿಡಿದುಕೊಂಡು ಶಿವಮೊಗ್ಗದವರೆಗೂ ನಗುತ್ತಲೇ ಬಂದಳು.