ಕಂಪ್ಯೂಟರಿನಾಗ ಕಳದ ಎರಡನೇ ಚೀಲ

ಹೋದ ವಾರ ನಾ ಒಂದು ಚೀಲ ಶೇಂಗಾ ಕಳದೆ. ಅಂಗಡ್ಯಾಗಲ್ಲ, ಲಾರ್ಯಾಗಲ್ಲ. ಕಂಪ್ಯೂಟರಿನಾಗ.

ನಿಮಗ ಗೊತ್ತೈತಿ, ಮಗಳ ಮದುವಿ ಮುಗಿಸಿ, ನಲವತ್ತಾರನೇ ವಯಸ್ಸಿನಾಗ ಇಲ್ಲೇ ಆಂಧ್ರದ ಆದವಾನ್ಯಾಗ ಡಿಗ್ರಿಗೆ ಸೇರೀನಿ. ಅದೂ ಕಂಪ್ಯೂಟರ್ ಡಿಗ್ರಿ. (ನಗೋರು ನಕ್ಕು ಮುಗಿಸ್ರಿ, ನಾ ಕಾಯ್ತೀನಿ.) ನಮ್ಮ ಮನಿಯವರದು ಒಂದ ಕಂಡೀಷನ್ನು: ಮೊದಲ ವರ್ಷ ಫೇಲಾದ್ರ ಕಾಲೇಜು ಬಂದ್, ಶೇಂಗಾ ಅಂಗಡ್ಯಾಗ ಬಂದು ಕೂಡಬೇಕು. ಎರಡು ಲ್ಯಾಬ್ ಟೆಸ್ಟಿನಾಗ ಆಗಲೇ ಡುಮ್ಕಿ ಹೊಡದಿದ್ದೆ. ಉಳದಿದ್ದು ಒಂದು. ಅದೂ ಹೋದ್ರ ವರ್ಷನ ಹೋತು.

ನನ್ನ ತೊಂದ್ರಿ ಏನಂದ್ರ, ಈ ಕಂಪ್ಯೂಟರು ಪಟ್ಟಿಯಾಗಿನ ಮೊದಲನೇದಕ್ಕ ಒಂದು ಅನ್ನಂಗಿಲ್ಲ. ಸೊನ್ನಿ ಅಂತೈತಿ. ಎರಡನೇದಕ್ಕ ಒಂದು, ಮೂರನೇದಕ್ಕ ಎರಡು. ಹಿಂಗ ಎಣಿಸಿದ್ರ ಯಾರಿಗೆ ತಿಳೀಬೇಕು?

ಟೆಸ್ಟಿನ ಮುಂಜಾನಿ ನಮ್ಮ ಅತ್ತಿ ಗಿರಣಿಗೆ ಕಳಿಸಾಕ ಜೋಳ ಅಳೀತಿದ್ರು. ಹೊಳಗುಂದದ ಹೆಣ್ಮಗಳು. ಕೈಯಾಗ ಸೇರು, ಬಾಯಾಗ ಲೆಕ್ಕ: ಲಾಭ, ಎರಡು, ಮೂರು. ನಮ್ಮ ಕಡೆ ರಾಶಿ ಮುಂದ ಯಾರೂ ಒಂದು ಅನ್ನಂಗಿಲ್ಲ, ಅಂದ್ರ ನಷ್ಟ ಅಂತ ಮೊದಲನೇದಕ್ಕ ಲಾಭ ಅಂತೀವಿ. ನಾ ಸೊನ್ನಿ ಕಥಿ ಹೇಳ್ದೆ. ಅತ್ತಿ ಸೇರು ಕೆಳಗಿಟ್ರು. ಇಂಥಾ ಅಪಶಕುನ ಕಲಿಸಾಕ ಫೀಸ್ ಬ್ಯಾರೆ ತಗೋತಾರೇನು ಅಂತ ಬೈದ್ರು. ಆಮ್ಯಾಲೆ ಅವರ ಒಂದು ದಾರಿ ತೋರಿಸಿದ್ರು.

"ನಾವೂ ಮೊದಲನೇದಕ್ಕ ಒಂದು ಅನ್ನಂಗಿಲ್ಲ ನೋಡವಾ. ಬಾಯಾಗ ಲಾಭ ಅನ್ನು, ಕೈಲೆ ಸೊನ್ನಿ ಒತ್ತು. ಮುಗೀತು."

ಎಷ್ಟು ಸಲೀಸು ನೋಡ್ರಿ. ವರ್ಷಪೂರ್ತಿ ಕ್ಲಾಸಿಗೆ ಹೋಗಿ ತಿಳೀದಿದ್ದು ಅಡಗಿಮನ್ಯಾಗ ತಿಳೀತು.

ಟೆಸ್ಟಿನಾಗ ಹತ್ತು ಚೀಲ ಶೇಂಗಾದ ತೂಕ ಪಟ್ಟಿ ಮಾಡಿ ಕೊಟ್ಟಿದ್ರು. ಚೀಲದ ನಂಬರ್ ಹಾಕಿ ಒಂದೊಂದ ಸ್ಕ್ರೀನ್ ಮ್ಯಾಲೆ ತರಬೇಕು. ಶಾಣ್ಯಾ ಹುಡುಗ್ರು ಎರಡು ಸಾಲಿನಾಗ ಮುಗಿಸ್ತಾರ. ನಂದು ಚೀಲಕ್ಕೊಂದು ಸಾಲು. ಲಾಭ ಅಂದೆ, ಸೊನ್ನಿ ಒತ್ತಿದೆ. ಎರಡು ಅಂದೆ, ಎರಡು ಒತ್ತಿದೆ. ಮೂರು ಅಂದೆ, ಮೂರು ಒತ್ತಿದೆ. ಒಂಬತ್ತಕ್ಕ ಹೋಗಿ ನಿಂತೆ (ಹತ್ತು ಚೀಲ ಇದ್ರ ಒಂಬತ್ತಕ್ಕ ನಿಲ್ಲಬೇಕು ಅಂತ ಬಾಯಿಪಾಠ ಮಾಡಿದ್ದೆ).

ಮೇಡಂ ಬಂದ್ರು. ನನ್ನ ಮಗಳ ವಯಸ್ಸು. ಸ್ಕ್ರೀನ್ ಮ್ಯಾಲೆ ಬೆರಳಿಟ್ಟು ಎಣಿಸಿ, ತೆಲುಗಿನಾಗ ಕೇಳಿದ್ರು.

"ಆಂಟೀ, ರೆಂಡೋ ಬಸ್ತಾ ಏದಿ?"

ಎರಡನೇ ಚೀಲ ಎಲ್ಲಿ ಅಂತ. ಇನ್ನ ಐದು ನಿಮಿಷ ಐತಿ ಅಂತ ಹೇಳಿ ಮುಂದಿನ ಬೆಂಚಿಗೆ ಹೋದ್ರು.

ಬೆರಳು ಮಡಚಿದೆ. ಲಾಭ, ಎರಡು, ಮೂರು. ಸರಿನ ಐತಲ್ಲ? ಮತ್ತ ಎಣಿಸ್ದೆ. ಸರಿನ ಐತಿ. ಬಾಜೂಕಿನ ಹುಡುಗಿ ನನ್ನ ತುಟಿ ನೋಡಿ, ಆಂಟಿ ಟೆಸ್ಟಿನಾಗ ಯಾವ ಜಪ ಮಾಡಾಕತ್ತಾರ ಅಂತ ಕಿಸಕ್ಕಂದ್ಲು. ತಲಿ ತಗ್ಗಿಸಿದೆ. ಕೀಬೋರ್ಡಿನಾಗ ಒಂದರ ಗುಂಡಿ ಕಂಡಿತು. ಅದನ್ನ ನಾ ಮುಟ್ಟೇ ಇಲ್ಲ! ಸೊನ್ನಿ ಆದಮ್ಯಾಲೆ ಒಂದು ಬರತೈತಿ ಅಂತ ಅಂಗನವಾಡಿ ಕೂಸಿಗೂ ಗೊತ್ತು. ಜೋಳ ಅಳದು ಅಳದು ನನಗ ಅದು ಇಲ್ಲದಂಗ ಆಗೇತಿ.

ಗುಂಡಿ ಒತ್ತಿದೆ. ಚೀಲ ಬಂತು. ಅಂಚಿನ ಮ್ಯಾಲೆ ಪಾಸಾದೆ.

ಮನಿಗೆ ಬಂದು ಹೇಳಿದ್ರ, ಇವರು ಖುಷಿ ಪಡೋದು ಬಿಟ್ಟು, ಒಂದು ಬಿಟ್ಟು ಎಣಿಸೋ ದಡ್ಡಿನ್ನ ಹೆಂಗ ಪಾಸ್ ಮಾಡಿದ್ರು ಅಂತ ಕೇಳಿದ್ರು. ಹಂಗಾದ್ರ ನಾಳೆ ಲೋಡ್ ಇಳಿಸುವಾಗ ಮೊದಲನೇ ಚೀಲಕ್ಕ ನೀವು ಒಂದು ಅನ್ರಿ ನೋಡೋಣು ಅಂದೆ.

"ಅಂಗಡಿ ಮುಚ್ಚಸ್ತೀಯೇನ?"

ಅಲ್ರೀ, ಮರತು ಒಂದು ಬಿಟ್ಟಾಕಿ ದಡ್ಡಿ, ಅಂಜಿ ಒಂದು ಬಿಡೋರು ಶಾಣ್ಯಾರೇನು?