ಹಗ್ಗ ಬಿಟ್ಟು ತಂದ ಗ್ರಾಫಿಕ್ಸ್ ಕಾರ್ಡು

ಈ ಸಲ ನಾನು ಉಳಬೇಕು ಅಂದಾಗ ಮನೆಯಲ್ಲಿ ಮೊದಲು ನಕ್ಕವನು ನನ್ನ ಮಗ. ನಗಲಿ. ಅವನಿಗಿಂತ ಮುಂಚೆ ಅವನ ಅಪ್ಪ ನಕ್ಕಿದ್ದ, ಅವನ ಅಜ್ಜಿ ಬೈದಿದ್ದಳು. ನನಗೆ ಅಭ್ಯಾಸವಾಗಿದೆ.

ನಮ್ಮ ಕಡೆ ಹೆಂಗಸು ನೇಗಿಲು ಮುಟ್ಟಬಾರದು. ಮುಟ್ಟಿದರೆ ಮಳೆ ಹೋಗುತ್ತದಂತೆ. ಗೊಬ್ಬರ ಹೊರಬಹುದು, ನಾಟಿ ಹಾಕಬಹುದು, ಕಳೆ ಕೀಳಬಹುದು, ಕಬ್ಬಿನ ಸೋಗೆಯಲ್ಲಿ ಕೈ ಕುಯ್ಯಿಸಿಕೊಳ್ಳಬಹುದು. ಅದಕ್ಕೆಲ್ಲ ಮಳೆ ಏನೂ ಅನ್ನುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಗಂಡ ಜ್ವರ ಬಂದು ಮಲಗಿದ್ದ. ಹೊಲ ಹದಕ್ಕೆ ಬಂದಿತ್ತು. ನಾನೇ ಎತ್ತು ಕಟ್ಟಿ ನೇಗಿಲಿನ ಹಿಡಿಗೆ ಕೈ ಹಾಕಿದೆ. ಅತ್ತೆ ಓಡಿ ಬಂದು ಕೈ ಮೇಲೆ ಹೊಡೆದಳು. ಆಳು ಸಿಗುವ ಹೊತ್ತಿಗೆ ಹದ ಆರಿತ್ತು. ಆ ವರ್ಷ ರಾಗಿ ಸರಿಯಾಗಿ ಹುಟ್ಟಲಿಲ್ಲ. ಅದಕ್ಕೂ ನಾನು ಕೈ ಹಾಕಿದ್ದೇ ಕಾರಣ ಅಂದರು. ಆಮೇಲೆ ಟ್ರ್ಯಾಕ್ಟರ್ ಬಂತು. ಅದೂ ಗಂಡಸರದೇ ಆಯಿತು.

ಈಗ ಮಂಡಿ ಹಿಡಿದುಕೊಂಡಿದೆ. ಹೊಲದ ಕಡೆ ಹೋಗುವುದು ಕಡಿಮೆ. ಮಗಳ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಮದ್ದೂರಿನ ಕಾಲೇಜಿಗೆ ಹೋಗುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಬೇಸಾಯದ ಆಟ ಇತ್ತು. ಟ್ರ್ಯಾಕ್ಟರ್ ಹತ್ತಿ ಉಳುವುದು, ಬಿತ್ತುವುದು, ಕುಯ್ಯುವುದು. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ನೋಡಿ ಸಾಕಾಗಿ, ಕೊಡು ಇಲ್ಲಿ ಅಂದೆ. ಅವಳು ತೋರಿಸಿದ ಗುಂಡಿ ಒತ್ತಿದೆ. ಟ್ರ್ಯಾಕ್ಟರ್ ಹೊರಟಿತು. ಸ್ವಲ್ಪ ದೂರ ಹೋಗಿ, ತಡೆದು ತಡೆದು, ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ನಿಂತೇ ಹೋಯಿತು.

"ಏನಮ್ಮಿ ಇದು, ನಿಂತೋಯ್ತು?"

"ಇದ್ರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಕಣಜ್ಜಿ. ಪ್ರೊಸೆಸರ್ರೂ ಹಳೇದು. ಈ ಆಟನ ಇದ್ರ ಕೈಲಿ ಎಳೆಯಕ್ಕಾಗಲ್ಲ."

"ಎಳೆಯೋದನ್ನ ತರನ ನಡಿ."

"ದುಡ್ಡು?"

"ನನ್ನ ಟಗರು ಅದಲ್ಲ."

ಟಗರು ನಾನೇ ಸಾಕಿದ್ದು. ಮಾರಿದೆ. ಮಗನಿಗೆ ಆ ದುಡ್ಡಿನ ಮೇಲೆ ಬೇರೆ ಲೆಕ್ಕವಿತ್ತು.

"ಅವ್ವ, ಹಿತ್ಲಿಗೆ ಶೀಟ್ ಹಾಕ್ಸನ ಕಣವ್ವ, ಸೌದೆ ನೆನೀತದೆ. ಈ ವಯಸ್ಸಲ್ಲಿ ಗೇಮ್ ಆಡ್ತೀನಿ ಅಂದ್ರೆ ಜನ ಏನಂದಾರು?"

"ಜನ ಬಂದು ನನ್ ಟಗರಿಗೆ ಒಂದಿಡಿ ಸೊಪ್ಪು ಹಾಕವ್ರಾ?"

"ತಂದ್ಮೇಲೆ ಓಡ್ನಿಲ್ಲ ಅಂದ್ರೆ?"

"ಓಡ್ನಿಲ್ಲ ಅಂದ್ರೆ ಮಾರ್ಬುಟ್ಟು ಶೀಟ್ ಹಾಕ್ಸ್ಕೊ. ಓಡ್ತು ಅಂದ್ರೆ ಬಾಯ್ ಮುಚ್ಕಂಡಿರು."

ಹಾಗೆ ಮಾತಾಯಿತು.

ಬೆಸಗರಹಳ್ಳಿಯಲ್ಲಿ ಬಸ್ಸು ಹತ್ತಿದ ಮೇಲೆ ಮೊಮ್ಮಗಳು ನನಗೆ ಪಾಠ ಮಾಡಿದಳು. ಆಟದಲ್ಲಿ ಏನೇನು ಆಗಬೇಕು ಅಂತ ಯೋಚನೆ ಮಾಡುವುದು ಪ್ರೊಸೆಸರು. ಅದನ್ನು ಕಣ್ಣಿಗೆ ಕಾಣುವ ಹಾಗೆ ಬರೆದು ತೋರಿಸುವುದು ಗ್ರಾಫಿಕ್ಸ್ ಕಾರ್ಡು. ಎರಡೂ ಬೇಕು, ಇರುವ ದುಡ್ಡನ್ನು ಎರಡಕ್ಕೂ ಹಂಚಬೇಕು. ಜೋಡೆತ್ತು ಅನ್ನು ಮತ್ತೆ, ಅಂದೆ. ಒಂದು ಬಲವಾಗಿದ್ದು ಇನ್ನೊಂದು ಸೋತರೆ ಸಾಲು ಸೊಟ್ಟ ಹೋಗುತ್ತದೆ. ದುಡ್ಡು ಸಮಸಮ ಹಾಕೋಣ ಅಂದೆ.

"ಸಮ ಅಲ್ಲ ಅಜ್ಜಿ. ಗೇಮಿಗೆ ಕಾರ್ಡಿಗೇ ಜಾಸ್ತಿ ಹಾಕ್ಬೇಕು. ಪ್ರೊಸೆಸರ್ ಅದನ್ನ ಕಾಯ್ಸದಂಗಿದ್ರೆ ಸಾಕು."

ನಾನು ಒಪ್ಪಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಎತ್ತಿನ ವ್ಯಾಪಾರ ಅಂದುಕೊಂಡು ಕೇಳಿಸಿಕೊಂಡರು. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿದರೂ ಜಗಳ ಬದಲಾಗಲಿಲ್ಲ.

ಮಂಡ್ಯದ ಕಂಪ್ಯೂಟರ್ ಅಂಗಡಿಯವನು ಕುರ್ಚಿ ಕೊಟ್ಟ. "ಗೇಮ್ ಯಾರು ಆಡೋದು?" ಅಂತ ಮೊಮ್ಮಗಳನ್ನು ಕೇಳಿದ.

"ನಾನು" ಅಂದೆ.

ಅವನು ಮತ್ತೆ ಅವಳನ್ನೇ ನೋಡಿದ.

"ಅವಳ ಮಕ ಏನ್ ನೋಡೀಯಪ್ಪ? ದುಡ್ಡು ನನ್ ಸೊಂಟದಲ್ಲದೆ."

ಆಗ ನನ್ನ ಕಡೆ ತಿರುಗಿದ. ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದ. ಒಳಗೆ ಕೆಂಪು, ಹಸಿರು, ನೀಲಿ ದೀಪ ಸುತ್ತುತ್ತಿದ್ದವು.

"ಈ ದೀಪ ಉಳ್ತವಾ?"

"ಇಲ್ಲ ಅಜ್ಜಿ, ನೋಡಕ್ಕೆ ಚಂದ."

"ಚಂದಾಗಿರೋರು ನಮ್ಮನೇಲಿ ಯಾರೂ ಇಲ್ಲ ಬುಡು. ಒಳಗಿರೋದು ತೋರ್ಸು."

ಎಲ್ಲಕ್ಕಿಂತ ದೊಡ್ಡ ಪ್ರೊಸೆಸರ್ ಈಗ ತಗೊಳ್ಳಿ, ಕಾರ್ಡು ಮುಂದಿನ ವರ್ಷ ಹಾಕಿಸಿದರಾಯಿತು ಅಂದ. ಒಂದೆತ್ತು ಕಟ್ಟಿಕೊಂಡು ಒಂದು ವರ್ಷ ಕಾಯುವ ವಯಸ್ಸು ನನ್ನದಲ್ಲ. ಇನ್ನೊಂದು ಪ್ರೊಸೆಸರ್ ತೋರಿಸಿದ. ಅದರ ಹೊಟ್ಟೆಯೊಳಗೇ ಗ್ರಾಫಿಕ್ಸ್ ಇದೆಯಂತೆ, ಕಾರ್ಡೇ ಬೇಡವಂತೆ. ಅಗ್ಗ. ಓಡಿಸಿ ತೋರಿಸು ಅಂದೆ. ಓಡಿತು. ಆದರೆ ಮರಗಳು ಸೆಗಣಿ ತಟ್ಟಿದ ಹಾಗೆ ಕಾಣುತ್ತಿದ್ದವು, ಧೂಳೆದ್ದ ಕಡೆ ಮತ್ತೆ ತಡವರಿಸಿತು. ಬೇಡ ಅಂದೆ.

ಕೊನೆಗೆ ಮೊಮ್ಮಗಳು ಆರಿಸಿದ್ದು ಕೆಂಪು ಕಂಪನಿ ಅಂತ ಅವರು ಕರೆಯುತ್ತಾರಲ್ಲ, ಅದರ ಆರು ಕೋರಿನ, ಅಂದರೆ ಒಳಗೆ ಆರು ಆಳು ದುಡಿದ ಹಾಗೆ ದುಡಿಯುವ, ಒಂದು ಮಧ್ಯಮ ಪ್ರೊಸೆಸರ್. ನೀಲಿ ಕಂಪನಿಯದೂ ಅದೇ ಬೆಲೆಗಿತ್ತು. ಆದರೆ ಕೆಂಪಿನದನ್ನು ಕೂರಿಸುವ ಬೋರ್ಡನ್ನು, ಮುಂದೆ ಪ್ರೊಸೆಸರ್ ಬದಲಾಯಿಸಿದರೂ ಉಳಿಸಿಕೊಳ್ಳಬಹುದಂತೆ. ನೊಗ ಅದೇ, ಎತ್ತು ಬೇರೆ. ಇದು ನನಗೆ ಹಿಡಿಸಿತು. ಆಮೇಲೆ ಹೊಸ ಗ್ರಾಫಿಕ್ಸ್ ಕಾರ್ಡಿನ ಬೆಲೆ ಕೇಳಿದೆ. ಕೇಳಿ ಸೆರಗು ಬಿಗಿ ಮಾಡಿಕೊಂಡೆ. ಪ್ರೊಸೆಸರಿಗೆ ಕಡಿಮೆ ಹಾಕಿ ಉಳಿಸಿದ್ದು ಒಳ್ಳೆಯದಾಯಿತು. ಹಾಗಂತ ಮೊಮ್ಮಗಳಿಗೆ ಹೇಳಲಿಲ್ಲ.

ಬೋರ್ಡು, ಪೆಟ್ಟಿಗೆ, ಕರೆಂಟು ಡಬ್ಬ, ಪರದೆ ಎಲ್ಲ ಅಲ್ಲೇ ಕೊಂಡೆವು. ಕಾರ್ಡು ಮಾತ್ರ ಹಳೆಯದೇ ಕೊಳ್ಳಬೇಕಾಯಿತು. ಮಳವಳ್ಳಿಯಲ್ಲಿ ಮದುವೆ ವಿಡಿಯೊ ಮಾಡುವ ಒಬ್ಬ ಫೋಟೊ ಸ್ಟುಡಿಯೊದವನು ದೊಡ್ಡ ಕಾರ್ಡು ಹಾಕಿಸಿಕೊಂಡು ಹಳೆಯದನ್ನು ಮಾರಲು ಇಟ್ಟಿದ್ದ. ಮೊಮ್ಮಗಳು ಫೋನಿನಲ್ಲಿ ಹುಡುಕಿದ್ದು. ಇನ್ನೊಂದು ದಿನ ಅಲ್ಲಿಗೆ ಹೋದೆವು.

ಎತ್ತು ಕೊಳ್ಳುವವರು ಹಲ್ಲು ನೋಡಿ ಸುಮ್ಮನಾಗುವುದಿಲ್ಲ. ನೊಗಕ್ಕೆ ಕಟ್ಟಿ ನಡೆಸಿ ನೋಡುತ್ತಾರೆ. ನಾನೂ ಓಡಿಸಿ ತೋರಿಸು ಅಂದೆ. ಅವನು ಒಂದು ಭಾರದ ಆಟ ಹಚ್ಚಿಬಿಟ್ಟು ಕಾಫಿ ತರಿಸಿದ. ಕುಡಿದು ಮುಗಿಸಿ ಪೆಟ್ಟಿಗೆಯ ಹಿಂದೆ ಬಿಸಿಗಾಳಿ ಬರುವ ಕಡೆ ಅಂಗೈ ಹಿಡಿದೆ. ಬಿಸಿಯಿತ್ತು, ಸುಡುತ್ತಿರಲಿಲ್ಲ. ಫ್ಯಾನು ಗೊರಗುಟ್ಟುತ್ತಿರಲಿಲ್ಲ.

"ಎಷ್ಟ್ ಮದ್ವೆ ಮಾಡವ್ನಪ್ಪ ಇವ್ನು?" ಅಂತ ಕಾರ್ಡಿನ ಕಡೆ ಕೈ ತೋರಿಸಿದೆ.

"ಸುಮಾರ್ ಮಾಡವ್ನೆ ಅಜ್ಜಿ. ಒಂದ್ರಲ್ಲೂ ಕೈ ಕೊಟ್ಟಿಲ್ಲ."

"ಕೈ ಕೊಟ್ಟಿದ್ರೆ ನೀನ್ ಹೇಳ್ತಿದ್ದಾ?"

ನಕ್ಕ. ಒಂದಿಷ್ಟು ಇಳಿಸಿದ. ಮೊಮ್ಮಗಳು ಬಸ್ಸು ವಿಚಾರಿಸಲು ಹೊರಗೆ ಹೋದಳು. ಅವನು ಕಾರ್ಡು ಬಿಚ್ಚಿ, ಒರೆಸಿ, ಪೆಟ್ಟಿಗೆಗೆ ಹಾಕಿ, ಅದರ ಮೇಲೆ ಗೇಣುದ್ದದ ಒಂದು ವೈರು ಇಟ್ಟ. ಇದಕ್ಕೆ ಕರೆಂಟು ಕೊಡುವುದು ಅಂದ.

ನಾನು ವೈರನ್ನು ಎತ್ತಿ ಅವನ ಕೈಗೇ ಕೊಟ್ಟೆ. ದನ ಮಾರಿದವನು ಹಗ್ಗ ಕೊಡುವುದಿಲ್ಲ, ಕೊಂಡವನು ಕೇಳುವುದಿಲ್ಲ. ಹಗ್ಗ ಹೋದರೆ ಮಾರಿದವನ ಕೊಟ್ಟಿಗೆಯ ಭಾಗ್ಯವೇ ಹೋಯಿತು. ಒಬ್ಬರ ಕೊಟ್ಟಿಗೆ ಬರಿದು ಮಾಡಿ ನಾನು ಯಾವತ್ತೂ ದನ ತಂದವಳಲ್ಲ.

"ಹಗ್ಗ ನಿಂದು, ಮಡಿಕ್ಕೊ."

ಅವನ ಮನೆಯಲ್ಲೂ ದನ ಇದ್ದವೇನೊ. ವೈರನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಯಲ್ಲಿಟ್ಟ. "ಒಳ್ಳೇದಾಗ್ಲಿ ಅಜ್ಜಿ" ಅಂದ.

ಮಾರನೆಯ ದಿನ ಬೆಳಿಗ್ಗೆ ಮೊಮ್ಮಗಳು ಎಲ್ಲ ಕೂಡಿಸಿದಳು. ಗುಂಡಿ ಒತ್ತಿದಳು. ಪೆಟ್ಟಿಗೆ ಗುಂಯ್ ಅಂದಿತು. ಪರದೆ ಕಪ್ಪಗೇ ಇತ್ತು, ಕಾರ್ಡಿನ ಫ್ಯಾನು ಅಲ್ಲಾಡಲಿಲ್ಲ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಗ, "ಗೊಡ್ಡೆಮ್ಮೆ ತಂದವ್ರೆ" ಅಂದ.

"ಅಜ್ಜಿ, ಇಲ್ಲಿಗೆ ಚುಚ್ಚೋ ವೈರೆಲ್ಲಿ? ಅವ್ನು ಕೊಡ್ತೀನಿ ಅಂದಿದ್ನಲ್ಲ?"

"ಕೊಟ್ಟ. ವಾಪಸ್ ಕೊಟ್ಟೆ. ಅದು ಹಗ್ಗ."

ಅವಳು ನೆಲದ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

"ಶೀಟಿನೋನ್ಗೆ ಫೋನ್ ಮಾಡ್ಲಾ ಅವ್ವ?" ಅಂದ ಮಗ.

"ಸ್ವಲ್ಪ ತಡಿಯೋ ಮಾವ. ಸ್ಟುಡಿಯೊದಣ್ಣಂಗೆ ಹೇಳಿ ವೈರ್ ಬಸ್ಸಲ್ಲಿ ಕಳುಸ್ಕತೀನಿ" ಅಂತ ಮೊಮ್ಮಗಳು ಫೋನ್ ತೆಗೆದಳು.

"ಮಡಗು ಫೋನ. ಕೊಟ್ಟ ಹಗ್ಗ ವಾಪಸ್ ಕೇಳೋದು ನಮ್ಮನೇಲಿಲ್ಲ."

"ಮತ್ತೆ ಹೆಂಗೆ ಓಡ್ತದೆ?"

"ಹೊಸ ಹಸ ತಂದೋರು ಹೊಸ ಹಗ್ಗ ಹಾಕ್ತಾರೆ."

ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಒಬ್ಬಳೇ ಹೊರಟೆ. ಮೊಮ್ಮಗಳಿಗೆ ಕಾಲೇಜಿತ್ತು. ಮಂಡ್ಯದ ಅಂಗಡಿಯ ಮೆಟ್ಟಿಲು ಹತ್ತುವಾಗ ಮಂಡಿ ಬೇಡ ಅಂದಿತು. ಅದರ ಮಾತೂ ಕೇಳಲಿಲ್ಲ. ಟವೆಲ್ಲು ಬಿಚ್ಚಿ, ಇವನ ಬಾಯಿಗೆ ಆಗುವ ಹಗ್ಗ ಕೊಡು ಅಂದೆ. ಅಂಗಡಿಯವನು ಈ ಸಲ ಯಾರು ಆಡುವುದು ಅಂತ ಕೇಳಲಿಲ್ಲ. ತಾನು ಕೊಟ್ಟಿದ್ದ ಕರೆಂಟು ಡಬ್ಬ ಈ ಕಾರ್ಡನ್ನು ತಡೆಯುತ್ತದೆಯೇ ಅಂತ ನೋಡಿ, ತಡೆಯುತ್ತದೆ ಅಂದು, ವೈರು ಕೊಟ್ಟ. ಬೆಲೆ ಕಡಲೆಕಾಯಿ ಪೊಟ್ಟಣದಷ್ಟೇ ಅಂತ ಹೇಳಲಾರೆ, ಆದರೆ ದೊಡ್ಡದಲ್ಲ.

ಸಾಯಂಕಾಲ ಕಾಲೇಜಿನಿಂದ ಬಂದು ಮೊಮ್ಮಗಳು ಚುಚ್ಚಿದಳು. ಫ್ಯಾನು ತಿರುಗಿತು. ಹೊಲ ಬಂತು, ಅಂಚಿನ ಮರದ ಎಲೆ ಎಲೆಯೂ ಬೇರೆಬೇರೆ ಕಂಡಿತು. ನಾನು ಕೂತು ಟ್ರ್ಯಾಕ್ಟರ್ ಬಿಟ್ಟೆ. ಎಲ್ಲೂ ನಿಲ್ಲಲಿಲ್ಲ. ಹಿಂದೆ ಮಣ್ಣು ಮಗುಚಿಕೊಂಡು ಬಂತು. ಮೊದಲ ಸಾಲು ಸೊಟ್ಟ. ಎರಡನೆಯದು ಅದಕ್ಕಿಂತ ಸೊಟ್ಟ. ಒಂದು ಬೇಲಿಗೆ ಗುದ್ದಿದೆ. ನೋಡುವವರಿಗೆ ಅಸಹ್ಯವಾಗಿರಬೇಕು. ನನ್ನ ಉಳುಮೆ ಅದು.

ಮಗ ಬಂದು ಹಿಂದೆ ನಿಂತ. ತುಂಬಾ ಹೊತ್ತು ತಡೆದುಕೊಂಡ. ತಡೆಯಲಾಗಲಿಲ್ಲ.

"ಅವ್ವ, ಬದಿಗೆ ಬಂದಾಗ ನೇಗ್ಲು ಎತ್ಕಂಡು ತಿರುಗುಸ್ಬೇಕು. ಸರ್ಕೊ, ತೋರುಸ್ತೀನಿ" ಅಂತ ಗುಂಡಿಗಳ ಮೇಲೆ ಕೈ ಹಾಕಿದ.

ಕೈ ಮೇಲೆ ಒಂದು ಕೊಟ್ಟೆ.

"ಮುಟ್ಬ್ಯಾಡ. ಗಂಡಸ್ರು ಮುಟ್ಟುದ್ರೆ ಮಳೆ ಓಯ್ತದೆ."

ಮೊಮ್ಮಗಳು ಬಾಯಿಗೆ ವೇಲು ತುರುಕಿಕೊಂಡಳು. ಅವನು ಕೈ ಉಜ್ಜಿಕೊಳ್ಳುತ್ತಾ ನಿಂತ. ಬಾಯಿ ಮುಚ್ಚಿಕೊಂಡೇ ನಿಂತ. ಮಾತು ಅಂದರೆ ಮಾತು.

ಹಿತ್ತಲಿಗೆ ಇನ್ನೂ ಶೀಟು ಹಾಕಿಸಿಲ್ಲ. ಮಳೆ ಏನೂ ಹೋಗಿಲ್ಲ, ಬರುತ್ತಲೇ ಇದೆ. ಸೌದೆ ನೆನೆಯುತ್ತದೆ. ನೆನೆಯಲಿ.