ಇನ್ನೆರಡು ಸೀರೆ ಉಳಿದಾಗ

ಇಂಗ್ಲಿಷಿನಲ್ಲಿ ವ್ಯಾಪಾರ ಒಂದೇ ಸಲ ಬೀಳುವುದು ಅಪರೂಪ. ಮೊದಲು ‘ಈಸ್’ ಆಗಿ ಸಡಿಲವಾಗುತ್ತದೆ, ಆಮೇಲೆ ‘ಸಾಫ್ಟ್’ ಆಗಿ ಮೆತ್ತಗಾಗುತ್ತದೆ, ಆಮೇಲೆ ‘ಸ್ಲಿಪ್’ ಆಗಿ ಜಾರುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ ಹೊಸತರಲ್ಲಿ ಈ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ, ಹಗುರವಾದದ್ದು ಮೊದಲು, ಕೆಟ್ಟದ್ದು ಕೊನೆಗೆ. ನೆಗಮಂ ಎಂಬ ನೇಕಾರರ ಊರಿನ ಮಗ್ಗದ ಮನೆಯವಳು ನಾನು. ತಮಿಳು ಮೀಡಿಯಂನಲ್ಲಿ ಓದಿ, ನಮ್ಮ ಮನೆತನದಲ್ಲಿ ಮೊದಲು ಬಿ.ಕಾಂ. ಮುಗಿಸಿದವಳು. ಆ ಮಾತುಗಳ ಅರ್ಥ ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಹೋದ ವರ್ಷ ವಿದೇಶದ ಖರೀದಿದಾರರ ಮೇಲ್ ಬಂತು: ಮುಂದಿನ ಸೀಸನ್‌ನಿಂದ ಆರ್ಡರ್ ‘ಟೇಪರ್’ ಆಗುತ್ತದೆ. ನೋಟ್‌ಬುಕ್ಕಿನಲ್ಲಿ ಅದು ಕೊನೆಯ ಪುಟದ ಮಾತು. ಸಣ್ಣದಾಗುತ್ತಾ ಹೋಗಿ ನಿಂತೇಬಿಡುವುದು. ನಮಗೆ ಹೊಲಿದುಕೊಡುವ ಯೂನಿಟ್‌ಗಳಿಗೆ ಇದನ್ನು ತಿಳಿಸುವುದು ನನ್ನ ಕೆಲಸ. ಅದರಲ್ಲೊಂದು ನಮ್ಮಕ್ಕನದು, ಹತ್ತು ಮೆಷಿನ್. ಆ ವಾರವೇ ಅವಳು ಪಕ್ಕದ ಶೆಡ್ ಹಿಡಿದು ಇನ್ನಾರು ಮೆಷಿನ್ ಹಾಕುವವಳಿದ್ದಳು.

“ಸ್ವಲ್ಪ ಕಮ್ಮಿ ಆಗಬಹುದು ಅಂತ ಬರಿಯಮ್ಮ, ಸಾಕು,” ಎಂದರು ಮ್ಯಾನೇಜರ್, ತಮಿಳಿನಲ್ಲಿ. “ನಿಜ ಬರೆದ್ರೆ ಟೈಲರ್‌ಗಳು ಇವತ್ತೇ ಬೇರೆ ಕಡೆ ಹೋಗ್ತಾರೆ. ಕೈಲಿರೋ ಪೀಸ್ ಯಾರು ಹೊಲೀತಾರೆ?”

ನಮ್ಮೂರಲ್ಲೊಂದು ಕಟ್ಟುಪಾಡಿದೆ. ಮಗ್ಗಕ್ಕೆ ಉದ್ದುದ್ದ ಹಾಸುವ ನೂಲಿಗೆ ನಾವು ಪಾವು ಅನ್ನುತ್ತೇವೆ. ಪಾವಿನಲ್ಲಿ ಇನ್ನೆರಡು ಸೀರೆಯಷ್ಟು ಉಳಿದಾಗಲೇ, ಮುಂದಿನದು ಉಂಟೋ ಇಲ್ಲವೋ ಎಂದು ನೂಲು ಕೊಡುವವರು ಬಂದು ಹೇಳಬೇಕು. ಹೇಳಿದವರಿಗೆ ಅಪ್ಪ ಆ ಎರಡನ್ನೂ ಒಂದೆಳೆ ತಪ್ಪದೆ ನೇಯ್ದುಕೊಡುತ್ತಿದ್ದರು. ಹೇಳದೆ ಕೈಬಿಟ್ಟವರ ಪಾವನ್ನು ಮತ್ತೆಂದೂ ಮಗ್ಗಕ್ಕೆ ಏರಿಸಲಿಲ್ಲ. ಮ್ಯಾನೇಜರಿಗೆ ಇದನ್ನೇ ಹೇಳಿದೆ.

“ಮುಗಿಸಿ ಕೊಡ್ತಾರೆ ಅನ್ನೋದಕ್ಕೆ ಗ್ಯಾರಂಟಿ ನೀನಾ?”

“ನಾನೇ, ಸಾರ್.”

ಅವರು ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. ನಾನು ಎಲ್ಲ ಯೂನಿಟ್‌ಗಳಿಗೂ ಒಂದೇ ಮಾತು ಬರೆದೆ: ಪೊಂಗಲ್ ಕಳೆದ ಮೇಲೆ ಅರ್ಧ ಕೆಲಸ, ಬೇಸಿಗೆಗೆ ಅದೂ ಇಲ್ಲ; ಹೊಸ ಮೆಷಿನ್ ಹಾಕಬೇಡಿ.

ಅಕ್ಕನ ಫೋನ್ ತಕ್ಷಣ ಬಂತು. “ಏನೇ ಕಾಲೇಜಮ್ಮ, ಕೂಡಹುಟ್ಟಿದವಳ ಅನ್ನಕ್ಕೇ ಕಲ್ಲು ಹಾಕ್ದೆಯಲ್ಲೇ!”

“ಅಕ್ಕಾ, ಪಾವಲ್ಲಿ ಇನ್ನೆರಡು ಸೀರೆ ಇದೆ.”

ಆ ಕಡೆ ಅವಳು ತನ್ನ ಮೆಷಿನ್ ನಿಲ್ಲಿಸಿದಳು. ಆಮೇಲೆ, “ಸರಿ ಬಿಡು, ಶೆಡ್ ಬೇಡ ಅಂತೀನಿ. ಗಾಂಧಿಪುರಂ ಅಂಗಡಿಯೋರು ಸ್ಕೂಲ್ ಯೂನಿಫಾರಂ ಹೊಲೀತೀಯಾ ಅಂತಿದ್ರು. ನಾಳೆ ಹೋಗಿ ಕೇಳ್ತೀನಿ.”

ಉಳಿದ ಪೀಸುಗಳು ಎಲ್ಲ ಯೂನಿಟ್‌ಗಳಿಂದಲೂ ಬಂದವು, ಅಕ್ಕನದು ಎರಡು ದಿನ ಮೊದಲೇ. ಅವಳ ಹತ್ತೂ ಮೆಷಿನ್‌ಗಳಲ್ಲಿ ಈಗ ನೀಲಿ ಯೂನಿಫಾರಂ ಓಡುತ್ತಿದೆ. ಯಾವ ಖರೀದಿದಾರರ ಮೇಲ್ ಬಂದರೂ ಮ್ಯಾನೇಜರ್ ಈಗ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ.

“ಎಷ್ಟು ಸೀರೆ ಉಳಿದಿದೆಯಮ್ಮ?”